ಕರ್ಪೂರದ ನಾತ

ಸುಪ್ತ ಮನಸ್ಸು ಅಂತ ಯಾರಾದರೂ ಶುರು ಮಾಡಿದರೆ ಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೀಗೆ ಹೇಳುತ್ತಿರುವವಳು ಈ ವಿಷಯ ಗೊತ್ತಿಲ್ಲದವಳಲ್ಲ. ಮನಸ್ಸು ಕೆಟ್ಟು ಕೂತವರ ಎದುರು ಕೂತು ಅವರ ಮಾತು ಕೇಳುವುದೇ ನನ್ನ ಹೊಟ್ಟೆಪಾಡು. ಅದಕ್ಕೆ ಸೈಕೋಥೆರಪಿ ಅಂತ ದೊಡ್ಡ ಹೆಸರು. ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲುಮಹಡಿಯಲ್ಲಿ ನನ್ನ ಕೋಣೆ. ನಾನು ಕಲಿತು ಬಂದದ್ದು ಸೀದಾ ಸಾದಾ ವಿದ್ಯೆ. ನಿದ್ದೆ ಬರುವುದಿಲ್ಲವೇ, ಹೀಗೆ ಮಾಡಿ. ಭಯವಾಗುತ್ತದೆಯೇ, ಆ ಭಯ ನಿಜವೋ ಸುಳ್ಳೋ ಬನ್ನಿ ನೋಡೋಣ. ಅಷ್ಟೇ. ಮನಸ್ಸಿನ ಅಡಿಯಲ್ಲಿ ಇನ್ನೊಂದು ಮನಸ್ಸಿದೆ, ಅದು ನಮಗೇ ಗೊತ್ತಿಲ್ಲದ ಹಾಗೆ ಎದುರಿಗಿರುವವರ ಮನಸ್ಸಿನ ಜೊತೆ ಮಾತಾಡಿಕೊಳ್ಳುತ್ತದೆ ಅನ್ನುವವರನ್ನು ಕಂಡರೆ, ಮೈಸೂರಿನಲ್ಲಿ ನಮ್ಮ ಮೊಹಲ್ಲಾದ ತಾಯಿತದ ಬಾಬಾ ನೆನಪಾಗುತ್ತಿದ್ದ. ಅವನಾದರೂ ಕೈಗೆ ಒಂದು ತಾಯಿತ ಕೊಡುತ್ತಿದ್ದ, ಇವರು ಅದೂ ಕೊಡುವುದಿಲ್ಲ ಅಂತ ಆಡಿಕೊಳ್ಳುತ್ತಿದ್ದೆ.

ಈಗ ಆಡಿಕೊಳ್ಳುವುದಿಲ್ಲ. ಹಾಗಂತ ನಂಬಿಬಿಟ್ಟೆ ಅಂತಲೂ ಅಲ್ಲ. ಮಧ್ಯೆ ಎಲ್ಲೋ ಸಿಕ್ಕಿಹಾಕಿಕೊಂಡಿದ್ದೇನೆ. ಅದಕ್ಕೆ ಕಾರಣವಾದ ಒಂದು ಚಳಿಗಾಲದ ಸಂಗತಿಯನ್ನು ಇಲ್ಲಿ ಹೇಳುತ್ತೇನೆ. ಊಟಕ್ಕೆ ಕೂತಿದ್ದರೆ ದಯವಿಟ್ಟು ಆಮೇಲೆ ಓದಿ. ಆ ಚಳಿಗಾಲದಲ್ಲಿ ನಾನು ಒಬ್ಬ ಕ್ಲೈಂಟನ್ನು ಸಹಿಸಲಾಗದೆ ಬೇರೆಯವರಿಗೆ ದಾಟಿಸಿಬಿಡಬೇಕು ಅಂತ ತೀರ್ಮಾನ ಮಾಡಿದ್ದೆ. ದಾಟಿಸಿದ್ದರೆ ಒಬ್ಬ ಮುದುಕಿ ಸತ್ತೇಹೋಗುತ್ತಿದ್ದಳು. ಆ ಮುದುಕಿ ಅಲ್ಲಿದ್ದಾಳೆ ಅನ್ನುವುದು ನನಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಹೆಸರು, ಊರುಗಳನ್ನು ಬದಲಿಸಿದ್ದೇನೆ, ಉಳಿದದ್ದೆಲ್ಲ ಇದ್ದ ಹಾಗೇ ಇದೆ.

ದೊಡ್ಡ ದೊಡ್ಡ ಬ್ಯಾಂಕುಗಳೇ ಮುಳುಗುತ್ತಿದ್ದ ಕಾಲ ಅದು. ಎಡಿಸನ್ ಸ್ಟೇಷನ್ನಿನ ಪಾರ್ಕಿಂಗಿನಲ್ಲಿ ಬೆಳಗಿನ ನ್ಯೂಯಾರ್ಕ್ ಟ್ರೈನಿಗೆ ಮೊದಲು ಜಾಗಕ್ಕಾಗಿ ಹೊಡೆದಾಡುತ್ತಿದ್ದವರು ಇದ್ದಕ್ಕಿದ್ದ ಹಾಗೆ ಮಾಯವಾದರು. ಎಲ್ಲಿ ನೋಡಿದರೂ ಖಾಲಿ ಜಾಗ. ನಡು ಮಧ್ಯಾಹ್ನ ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಾ ಹೊತ್ತು ಕಳೆಯುವ ಗಂಡಸರು ಕಾಣತೊಡಗಿದರು. ನನ್ನ ಹತ್ತಿರ ಕನ್ನಡದವರು ಹೆಚ್ಚಾಗಿ ಬರತೊಡಗಿದ್ದೂ ಆಗಲೇ. ನಮ್ಮವರು ಥೆರಪಿಗೆ ಬರುವ ಚಂದವೇ ಬೇರೆ. ಬೇಡ ಅಂದರೂ ಬಾಗಿಲಲ್ಲೇ ಶೂ ಬಿಚ್ಚುತ್ತಾರೆ. ತರಬಾರದು ಅಂದರೂ ಡಬ್ಬಿಯಲ್ಲಿ ಕೋಡುಬಳೆ ತರುತ್ತಾರೆ. ಡಾಕ್ಟರ್ ಅಲ್ಲ ಅಂದರೂ ಡಾಕ್ಟ್ರೇ ಅನ್ನುತ್ತಾರೆ. ಎಲ್ಲ ಮಾತು ಮುಗಿಸಿ ಏಳುವಾಗ, "ಹಾಗಾದ್ರೆ ಮಾತ್ರೆ ಏನೂ ಇಲ್ವಾ?" ಅಂತ ಒಂದು ಥರ ನಿರಾಶೆಯಿಂದ ಕೇಳುತ್ತಾರೆ.

ಇವನೂ ಹಾಗೇ ಬಂದ. ಪ್ರಸನ್ನ ಅಂತ ಕರೆಯೋಣ. ಹಾಸನದ ಕಡೆಯವನು, ಐವತ್ತರ ಆಸುಪಾಸು, ಮ್ಯಾನ್‌ಹ್ಯಾಟನ್ನಿನಲ್ಲಿ ಕೆಲಸದಲ್ಲಿದ್ದವನು. ಕಂಪನಿ ಮುಳುಗಿತು, ಇವನೂ ಒಂದು ರಟ್ಟಿನ ಪೆಟ್ಟಿಗೆ ಹಿಡಿದು ಹೊರಗೆ ಬಂದ. ಹೆಂಡತಿಗೆ ಟೆಕ್ಸಾಸಿನಲ್ಲಿ ಕೆಲಸ ಸಿಕ್ಕಿ, ಮಗಳನ್ನು ಕರೆದುಕೊಂಡು ಹೋದಳು. ಕೆಂಡಲ್ ಪಾರ್ಕಿನ ಮನೆ ಮಾರಾಟವಾಗುವ ತನಕ ಇವನು ಇಲ್ಲೇ. ಒಬ್ಬನೇ ಕೂತು ತಲೆ ಕೆಡಿಸಿಕೊಂಡಾನು ಅಂತ ಹೆಂಡತಿಯೇ ಫೋನು ಮಾಡಿ ಮಾಡಿ ನನ್ನ ಹತ್ತಿರ ಕಳಿಸಿದ್ದಳು. ನಾನು ಇವನನ್ನು ಅದಕ್ಕೂ ಮೊದಲೇ ದೂರದಿಂದ ನೋಡಿದ್ದೆ. ನಮ್ಮ ಕಡೆಯ ಕನ್ನಡ ಕಾರ್ಯಕ್ರಮಗಳಲ್ಲಿ ಮೈಕು ಹಿಡಿಯುವವನು ಇವನೇ. ಒಂದು ಸಲ ತಾಯಿಯ ಬಗ್ಗೆ ಮಾತಾಡಿ, ಅರಸೀಕೆರೆಯಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಆ ತಾಯಿಯನ್ನು ವೇದಿಕೆಗೆ ಕರೆಸಿ, ಕಾಲು ಮುಟ್ಟಿ ನಮಸ್ಕಾರ ಮಾಡಿದ್ದ. ಆಂಟಿಯರೆಲ್ಲ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿದ್ದರು. ನಾನೂ ಚಪ್ಪಾಳೆ ತಟ್ಟಿದ್ದೆ.

ಮೊದಲ ದಿನವೇ ಬಾಗಿಲಲ್ಲಿ ಶೂ ಬಿಚ್ಚಿ, ಹಾಲಿನಂಥ ಬಿಳಿ ಕಾಲುಚೀಲದಲ್ಲಿ ಒಳಗೆ ಬಂದ. ಸ್ನಾನ ಮಾಡಿ, ತಲೆ ಬಾಚಿ, ಹಣೆಗೆ ಸಣ್ಣಗೆ ಕುಂಕುಮ ಇಟ್ಟುಕೊಂಡು ಬಂದಿದ್ದ. ಹೇಗಿದ್ದೀರಿ ಅಂದರೆ ಎಲ್ಲ ಚೆನ್ನಾಗಿದೆ ಅಂದ. ತಾಯಿ ಹೇಗಿದ್ದಾರೆ ಅಂದೆ. ಬೆಂಗಳೂರಿಗೆ, ತಂಗಿಯ ಮನೆಗೆ ವಾಪಸು ಕಳಿಸಿದೆ, ಆರಾಮಾಗಿದ್ದಾರೆ ಅಂದ. "ತಾಯಿ ಅಂದ್ರೆ ದೇವರು ಡಾಕ್ಟ್ರೇ" ಅಂತ ಕೈ ಮುಗಿದ. ಅಷ್ಟು ಹೊತ್ತಿಗೆ ನನ್ನ ಮೂಗಿಗೆ ಅದು ಬಡಿಯಿತು.

ಉಚ್ಚೆಯ ನಾತ. ಅದೂ ಹೊಸದಲ್ಲ, ಬಟ್ಟೆಗೆ ಹತ್ತಿ, ಒಣಗಿ, ಮತ್ತೆ ಒದ್ದೆಯಾದದ್ದು. ಅದರ ಮೇಲೆ ಕರ್ಪೂರ. ಕರ್ಪೂರ ಅಂದರೆ ನಿಮ್ಮಲ್ಲಿ ಬಹಳ ಜನಕ್ಕೆ ಮಂಗಳಾರತಿ ನೆನಪಾಗಬಹುದು, ಕೈಯನ್ನು ಕಣ್ಣಿಗೆ ಒತ್ತಿಕೊಳ್ಳಬೇಕು ಅನ್ನಿಸಬಹುದು. ನನಗೆ ಹಾಗಲ್ಲ. ನಾನು ಮುಸ್ಲಿಮರ ಮನೆಯವಳು, ನಮ್ಮಲ್ಲಿ ಕರ್ಪೂರ ಹಾಕುವುದು ಹೆಣದ ಸ್ನಾನದ ನೀರಿಗೆ. ನಾನು ಚಿಕ್ಕವಳಿದ್ದಾಗ ನಮ್ಮ ದಾದಿ, ಅಂದರೆ ಅಪ್ಪನ ತಾಯಿ, ಬಹಳ ದಿನ ಹಾಸಿಗೆಯಲ್ಲೇ ಇದ್ದು ತೀರಿಕೊಂಡಳು. ಆ ಕೋಣೆಗೆ ಉಚ್ಚೆಯ ವಾಸನೆ ಹತ್ತಿಬಿಟ್ಟಿತ್ತು. ಕೊನೆಯ ದಿನ ಹೆಂಗಸರೆಲ್ಲ ಸೇರಿ ಅವಳಿಗೆ ಸ್ನಾನ ಮಾಡಿಸಿದಾಗ ಅದರ ಮೇಲೆ ಕರ್ಪೂರ ಬಂದು ಕೂತಿತು. ನಾನು ಅಂಗಳಕ್ಕೆ ಓಡಿಹೋಗಿ ವಾಂತಿ ಮಾಡಿಕೊಂಡಿದ್ದೆ. ಥೇಟ್ ಅದೇ ನಾತ ಈಗ ಎಡಿಸನ್ನಿನಲ್ಲಿ, ಈ ನಗುನಗುವ ಮನುಷ್ಯನ ಎದುರು.

ಎದ್ದು ಕಿಟಕಿ ತೆಗೆದೆ. ಹೊರಗೆ ಕೊರೆಯುವ ಚಳಿ. "ಡಾಕ್ಟ್ರಿಗೆ ಸೆಕೆ ಜಾಸ್ತಿ" ಅಂತ ಅವನು ನಕ್ಕು ಕೋಟು ಹಾಕಿಕೊಂಡ. ಅವನು ಎದ್ದು ಹೋದ ಮೇಲೆ ವಾಸನೆ ಇಲ್ಲವೇ ಇಲ್ಲ. ಮುಂದಿನ ವಾರ ಬಂದ, ಅದೂ ಬಂತು. ನಾನು ಕಿಟಕಿ ತೆಗೆದೆ.

ಪೊಲೀಸ್ ನಾಯಿಯ ಹಾಗೆ ಆ ಕೋಣೆಯನ್ನು ಮೂಸಿದೆ ಅಂದರೆ ನೀವು ನಗಬಹುದು. ಸೋಫಾ ಎಳೆದು ನೋಡಿದೆ, ಇಲಿ ಸತ್ತಿದೆಯೋ ಅಂತ. ಕಾರ್ಪೆಟ್ ತೊಳೆಸಿದೆ. ಕೆಳಗೆ ಹಲ್ಲಿನ ಡಾಕ್ಟರ ಕೌಂಟರಿನಲ್ಲಿ ಕೂರುತ್ತಿದ್ದ ಹಂಸಾಬೆನ್ ಅಂದರೆ ಮೂಗಿನಲ್ಲೇ ಹುಟ್ಟಿದವಳು. ಯಾರು ಮನೆಯಲ್ಲಿ ಏನು ಒಗ್ಗರಣೆ ಹಾಕಿ ಬಂದಿದ್ದಾರೆ ಅಂತ ದೂರದಿಂದಲೇ ಹೇಳುತ್ತಿದ್ದಳು. ಪ್ರಸನ್ನ ಒಳಗೆ ಕೂತಿದ್ದಾಗಲೇ ಏನೋ ನೆಪ ಹೇಳಿ ಅವಳನ್ನು ಮೇಲೆ ಕರೆಸಿದೆ. ಅವಳು ಬಂದಳು, ಅವನ ಪಕ್ಕದಲ್ಲೇ ನಿಂತು ಮಾತಾಡಿದಳು, ಹೋದಳು. ಆಮೇಲೆ ಕೇಳಿದರೆ, ನಿನ್ನ ರೂಮ್ ಸ್ಪ್ರೇ ಒಂದು ಬಿಟ್ಟು ಇನ್ನೇನೂ ಬರುತ್ತಿರಲಿಲ್ಲ, ಅದನ್ನು ಸ್ವಲ್ಪ ಕಡಿಮೆ ಹೊಡಿ ಅಂದಳು. ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರವೂ ಹೋಗಿಬಂದೆ. ಮೂಗು ಸರಿಯಾಗಿದೆ ಅಂದರು.

ಮೂಗು ಸರಿಯಾಗಿತ್ತು, ನಾನು ಕೆಡುತ್ತಾ ಹೋದೆ. ಅವನು ಬರುವ ದಿನ ಬೆಳಗ್ಗೆ ಏನೂ ತಿನ್ನಲಾಗುತ್ತಿರಲಿಲ್ಲ. ಅವನ ಬಾಚಿದ ತಲೆ ಕಂಡರೆ ಅಸಹ್ಯ, ಆ ಬಿಳಿ ಕಾಲುಚೀಲ ಕಂಡರೆ ಅಸಹ್ಯ, ಅವನು ತಂದ ಡಬ್ಬಿಯಂತೂ ಹಾಗೇ ಕಸದ ಬುಟ್ಟಿಗೆ. ತಾಯಿ ಅಂದ್ರೆ ದೇವರು ಅಂತ ಅವನು ವಾರವಾರವೂ ಹೇಳುತ್ತಿದ್ದ, ಅದು ಕಿವಿಗೆ ಬಿದ್ದ ಕೂಡಲೇ ನಾತ ಇಮ್ಮಡಿಯಾಗುತ್ತಿತ್ತು. ಒಂದು ದಿನ ಅವನನ್ನು ಕಳಿಸಿ ಬಾತ್‌ರೂಮಿಗೆ ಓಡಿ ಬಗ್ಗಿ ನಿಂತೆ. ಛೀ, ಇದೇನು ಬಾಳು ಅನ್ನಿಸಿತು. ಕೆಲಸ ಕಳೆದುಕೊಂಡ, ಒಂಟಿಯಾಗಿರುವ, ಯಾರಿಗೂ ಕೆಟ್ಟದ್ದು ಮಾಡದ ಒಬ್ಬ ಮನುಷ್ಯನನ್ನು ಕಂಡರೆ ಇಷ್ಟು ಹೇಸಿಗೆಪಡುವವಳು ಈ ಕಸುಬಿನಲ್ಲಿ ಯಾಕಿರಬೇಕು?

ನಮ್ಮ ಕಸುಬಿನಲ್ಲಿ ಒಂದು ರೂಢಿ ಇದೆ. ಎಷ್ಟು ವರ್ಷ ಪಳಗಿದವರೂ ತಮಗಿಂತ ಹಿರಿಯರೊಬ್ಬರ ಹತ್ತಿರ ಹೋಗಿ ಕಷ್ಟದ ಕೇಸುಗಳನ್ನು ಹೇಳಿಕೊಳ್ಳುತ್ತಾರೆ. ನಾನು ಟ್ರೈನ್ ಹಿಡಿದು ನ್ಯೂಯಾರ್ಕಿಗೆ, ರೂತ್ ಅನ್ನುವ ಮುದುಕಿಯ ಹತ್ತಿರ ಹೋಗುತ್ತಿದ್ದೆ. ಅವಳು ಸುಪ್ತ ಮನಸ್ಸಿನ ಪಂಗಡದವಳು, ನಾನು ಅಲ್ಲ. ಜಗಳವಾಡುವುದಕ್ಕೆ ಚೆನ್ನಾಗಿರುತ್ತದೆ ಅಂತಲೇ ಅವಳನ್ನು ಆರಿಸಿಕೊಂಡಿದ್ದೆ. ಎಲ್ಲ ಕೇಳಿಸಿಕೊಂಡು ಅವಳು, ಆ ವಾಸನೆ ಯಾರದ್ದು ಅಂದಳು. ನನ್ನದೇ, ನಮ್ಮ ದಾದಿಯದು, ಹಳೆಯ ನೆನಪು ಅಂದೆ. ಇರಬಹುದು ಅಂದಳು. "ಆದರೆ ಅವನು ಬಂದಾಗ ಮಾತ್ರ ಯಾಕೆ ಬರುತ್ತದೆ? ಅಸಹ್ಯ ಪಡಬೇಕಾದವನು ಅವನಿರಬೇಕು. ಅವನ ಕೈಲಿ ಆಗುತ್ತಿಲ್ಲ, ಅದಕ್ಕೆ ನಿನ್ನ ಕುರ್ಚಿಯ ಮೇಲೆ ಇಟ್ಟು ಹೋಗುತ್ತಿದ್ದಾನೆ. ಓಡಿಸುವ ಮೊದಲು, ಅದು ಏನು ಕೇಳುತ್ತಿದೆ ಅಂತ ನೋಡು."

ನನಗೆ ರೇಗಿಹೋಯಿತು. ನಾತ ಏನು ಕೇಳುತ್ತದೆ, ಮಣ್ಣು. ವಾಪಸು ಬರುವಾಗ ಟ್ರೈನಿನಲ್ಲಿ ಕೂತೇ ತೀರ್ಮಾನ ಮಾಡಿದೆ. ಪ್ರಿನ್ಸ್‌ಟನ್ನಿನಲ್ಲಿ ಗುರುತಿನವರೊಬ್ಬರಿದ್ದರು, ಇವನನ್ನು ಅವರಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುವುದು. ಮುಂದಿನ ಸಲ ಬಂದಾಗ ಹೇಳಿಬಿಡುವುದು.

ಆ ದಿನ ಬೆಳಗ್ಗೆ ಎದ್ದು ನೋಡಿದರೆ ಹಿಮ. ರಸ್ತೆ ಯಾವುದು, ಅಂಗಳ ಯಾವುದು ಗೊತ್ತಾಗದಷ್ಟು ಬಿದ್ದಿತ್ತು. ಮಾನ್ಮತ್ ಜಂಕ್ಷನ್ನಿನ ನಮ್ಮ ಮನೆಯ ಮುಂದೆ ನನ್ನ ಗಂಡ ಸಲಿಕೆ ಹಿಡಿದು ಬೈಯುತ್ತಾ ದಾರಿ ಬಿಡಿಸುತ್ತಿದ್ದರು. ಎಲ್ಲ ಕ್ಲೈಂಟುಗಳಿಗೂ ಫೋನಿನಲ್ಲೇ ಮಾತಾಡೋಣ ಅಂತ ತಿಳಿಸಿದ್ದೆ. ನಿಜ ಹೇಳಬೇಕೆಂದರೆ ನನಗೆ ಹಬ್ಬವಾಗಿತ್ತು. ಅವನ ಮುಖ ನೋಡುವಂತಿಲ್ಲ, ಕಾಲುಚೀಲ ನೋಡುವಂತಿಲ್ಲ, ಮುಖ್ಯವಾಗಿ ಆ ನಾತ ಇಲ್ಲ. ಒಲೆಯ ಮೇಲೆ ಶುಂಠಿ ಜಜ್ಜಿ ಹಾಕಿ ಚಹಾ ಇಟ್ಟೆ. ಅವನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಉರು ಹೊಡೆದುಕೊಂಡೆ. ಪ್ರಸನ್ನ ಅವರೇ, ಒಂದು ವಿಷಯ ಹೇಳಬೇಕಿತ್ತು, ನಿಮಗೆ ನನಗಿಂತ ಸರಿಯಾದವರು ಒಬ್ಬರಿದ್ದಾರೆ.

ಫೋನು ಬಂತು. ಎತ್ತಿದೆ. "ನಮಸ್ಕಾರ ಡಾಕ್ಟ್ರೇ, ಏನ್ ಸ್ನೋ ಅಲ್ವಾ!" ಅಂದ.

ಬಡಿಯಿತು ನೋಡಿ. ನನ್ನ ಅಡುಗೆಮನೆಯಲ್ಲಿ, ಶುಂಠಿ ಚಹಾ ಕುದಿಯುತ್ತಿರುವಾಗ, ಉಚ್ಚೆ ಮತ್ತು ಕರ್ಪೂರ. ಅಷ್ಟು ಜೋರಾಗಿ ಹಿಂದೆ ಯಾವತ್ತೂ ಬಂದಿರಲಿಲ್ಲ. ನಾನು ಫೋನನ್ನು ಕಿವಿಯಿಂದ ತೆಗೆದು ಮೂಸಿ ನೋಡಿದೆ, ಹುಚ್ಚಿಯ ಹಾಗೆ. ಪ್ಲಾಸ್ಟಿಕ್ಕಿನ ವಾಸನೆ ಬಿಟ್ಟು ಅದರಲ್ಲಿ ಏನಿರುತ್ತದೆ? ಓಡಿ ಸಿಂಕಿನ ಮೇಲಿನ ಕಿಟಕಿ ತೆಗೆದೆ. ಹಿಮದ ಗಾಳಿ ಒಳಗೆ ನುಗ್ಗಿತು, ನಾತ ಅಲ್ಲಾಡಲಿಲ್ಲ. ಅವನು ಮಾತಾಡುತ್ತಲೇ ಇದ್ದ, ಎಲ್ಲ ಚೆನ್ನಾಗಿದೆ, ಮನೆ ನೋಡೋಕೆ ಯಾರೋ ಬರ್ತಾರಂತೆ. ಇನ್ನು ತಡೆಯಲಾರೆ, ಹೇಳಿ ಮುಗಿಸಿಬಿಡುತ್ತೇನೆ ಅಂತ ಬಾಯಿ ತೆಗೆದೆ.

"ಅಮ್ಮಂಗೆ ಊಟ ಆಯ್ತಾ?" ಅಂದೆ.

ಇದನ್ನು ನಾನು ಅನ್ನಲಿಲ್ಲ. ಅಂದರೆ, ಬಾಯಿ ನನ್ನದೇ, ದನಿಯೂ ನನ್ನದೇ, ಆದರೆ ಆ ಮಾತು ನನ್ನಿಂದ ಹೊರಟಿದ್ದು ನನಗೆ ಗೊತ್ತಾದದ್ದು ಕಿವಿಗೆ ಬಿದ್ದ ಮೇಲೆ. ನಾವು ಕನ್ನಡದವರು ಊರಿನಲ್ಲಿ ಎದುರಿಗೆ ಸಿಕ್ಕವರನ್ನೆಲ್ಲ ಊಟ ಆಯ್ತಾ ಅಂತ ಕೇಳುತ್ತೇವೆ, ನಿಜ. ಆದರೆ ಕೆಲಸದಲ್ಲಿ ನಾನು ಯಾರನ್ನೂ ಹಾಗೆ ಕೇಳಿದವಳಲ್ಲ. ಅದೂ ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿರುವ ಹೆಂಗಸಿಗೆ ಇಲ್ಲಿ ಕೂತವನು ಊಟ ಹಾಕುವುದು ಎಲ್ಲಿಂದ ಬಂತು? ಏನೋ ಬಾಯಿತಪ್ಪಿ ಬಂತು ಅಂತ ತಿದ್ದಬೇಕು ಅಂದುಕೊಂಡೆ. ಹೊರಗೆ ಹಿಮ ತೆಗೆಯುವ ಗಾಡಿ ರಸ್ತೆ ಕೆರೆದುಕೊಂಡು ಹೋಯಿತು.

"ಇಲ್ಲ" ಅಂದ.

"ನಿನ್ನೆಯಿಂದ ನಾನು ಕೆಳಗೆ ಹೋಗಿಲ್ಲ. ಹೋಗೋಕ್ಕಾಗ್ಲಿಲ್ಲ ಡಾಕ್ಟ್ರೇ" ಅಂದ. ಆಮೇಲೆ ಅವನಿಗೆ ಉಮ್ಮಳಿಸಿತು. ಅಳುತ್ತಿದ್ದಾನೆ ಅಂದುಕೊಂಡೆ, ಅಳುವಲ್ಲ. ವಾಂತಿ. ಕರುಳು ಕಿತ್ತು ಬರುವ ಹಾಗೆ ಅವನು ವಾಂತಿ ಮಾಡುವುದು ಫೋನಿನಲ್ಲಿ ಕೇಳಿಸಿತು. ಅದು ಕೇಳಿಸುತ್ತಿದ್ದ ಹಾಗೇ ನನ್ನ ಅಡುಗೆಮನೆಯ ನಾತ ಹೊರಟುಹೋಯಿತು. ಕಡಿಮೆಯಾಗುತ್ತಾ ಹೋದದ್ದಲ್ಲ, ಯಾರೋ ಎತ್ತಿಕೊಂಡು ಹೋದ ಹಾಗೆ ಒಮ್ಮೆಗೇ ಹೋಯಿತು. ಒಲೆಯ ಮೇಲೆ ಚಹಾ ಉಕ್ಕಿ ಸೀದ ವಾಸನೆ ಮಾತ್ರ ಇತ್ತು.

ಆಂಬುಲೆನ್ಸಿಗೆ ಫೋನ್ ಮಾಡ್ತೀನಿ, ಬಾಗಿಲು ತೆಗೆದಿಡಿ ಅಂದೆ. "ಬೇಡ ಡಾಕ್ಟ್ರೇ, ಅಮ್ಮನ ವೀಸಾ ಮುಗಿದುಹೋಗಿದೆ, ಇನ್ಶೂರೆನ್ಸ್ ಇಲ್ಲ" ಅಂತ ಗೋಗರೆದ. "ವೀಸಾ ಮನೆ ಹಾಳಾಗ್ಲಿ, ಬಾಗಿಲು ತೆಗೀರಿ ಮೊದಲು" ಅಂತ ಕಿರುಚಿದೆ. ಕ್ಲೈಂಟಿನ ಜೊತೆ ಹೀಗೆ ಮಾತಾಡಬಾರದು ಅಂತ ನಮಗೆ ಕಲಿಸಿರುತ್ತಾರೆ. ಕಲಿಸಿದವರು ಬಂದು ಆ ಅಡುಗೆಮನೆಯಲ್ಲಿ ನಿಲ್ಲಬೇಕಿತ್ತು.

ಕೆಂಡಲ್ ಪಾರ್ಕ್ ನಮಗೆ ಪಕ್ಕದ ಊರು. ನನ್ನ ಗಂಡ ಆ ಹಿಮ ತೆಗೆಯುವ ಗಾಡಿಯ ಹಿಂದೆಯೇ ಕಾರು ಓಡಿಸಿದರು. ನಾವು ಮುಟ್ಟಿದಾಗ ಆಂಬುಲೆನ್ಸ್ ಆಗಲೇ ಬಂದಿತ್ತು. ಪ್ರಸನ್ನ ಮನೆಯ ಮುಂದೆ ಹಿಮದಲ್ಲಿ ಬರೀ ಕಾಲುಚೀಲದಲ್ಲಿ ನಿಂತಿದ್ದ. ನಾನು ಅವನ ಮುಖ ನೋಡದೆ ಒಳಗೆ ಹೋಗಿ ಬೇಸ್‌ಮೆಂಟಿನ ಮೆಟ್ಟಿಲು ಇಳಿದೆ.

ಅದೇ ನಾತ. ಹಾಗೆ ಹೀಗೆ ಹೋಲುವಂಥದ್ದಲ್ಲ, ಅದೇ. ಆಂಬುಲೆನ್ಸಿನ ಹುಡುಗರು ಮೂಗಿಗೆ ತೋಳು ಅಡ್ಡ ಹಿಡಿದಿದ್ದರು. ನನಗೆ ಅದರ ಅಗತ್ಯ ಬೀಳಲಿಲ್ಲ, ನನಗೆ ಆ ಚಳಿಗಾಲವೆಲ್ಲ ಅಭ್ಯಾಸವಾಗಿತ್ತು. ಮೂಲೆಮೂಲೆಗೂ ಸ್ಟೀಲ್ ತಟ್ಟೆಗಳಲ್ಲಿ ಕರ್ಪೂರ ರಾಶಿ ಹಾಕಿಟ್ಟಿದ್ದ. ದೇವರಿಗೆ ಬೆಳಗುವ ಕರ್ಪೂರ, ತಾಯಿಯ ಉಚ್ಚೆಯ ವಾಸನೆ ಮೇಲೆ ಬಾರದಿರಲಿ ಅಂತ. ಮೇಲೆ ಗೋಡೆಯಲ್ಲಿದ್ದ ಒಂದೇ ಒಂದು ಪುಟ್ಟ ಕಿಟಕಿಗೆ ಸಂದಿಲ್ಲದ ಹಾಗೆ ಟೇಪು ಬಡಿದಿದ್ದ, ಪಕ್ಕದ ಮನೆಯವರಿಗೆ ಗೊತ್ತಾಗಬಾರದು ಅಂತ. ಬಾಯ್ಲರಿನ ಪಕ್ಕ ಒಂದು ಹಾಸಿಗೆ. ಹಾಸಿಗೆಯಲ್ಲಿ ಆ ತಾಯಿ, ವೇದಿಕೆಯ ಮೇಲೆ ನಾನು ನೋಡಿದ್ದ ಹೆಂಗಸಿನ ಅರ್ಧದಷ್ಟು ಆಗಿದ್ದಳು. ಬೆನ್ನಿನ ಹುಣ್ಣುಗಳ ಬಗ್ಗೆ ಬರೆಯುವುದಿಲ್ಲ. ಉಸಿರಿತ್ತು.

ಆಮೇಲೆ ತಿಳಿದದ್ದು ಇಷ್ಟು. ಆಕೆಗೆ ಮರೆವು ಶುರುವಾಗಿತ್ತು, ಹಾಸಿಗೆಯಲ್ಲೇ ಎಲ್ಲ ಆಗುತ್ತಿತ್ತು. ಬೆಂಗಳೂರಿಗೆ ಕಳಿಸಿದ್ದೇನೆ ಅಂತ ಹೆಂಡತಿಗೆ ಹೇಳಿದ್ದ, ಇಲ್ಲೇ ಆರಾಮಾಗಿದ್ದಾಳೆ ಅಂತ ತಂಗಿಗೆ ಹೇಳಿದ್ದ. ಎರಡು ಕಡೆಯವರೂ ನಂಬಿದ್ದರು, ವೇದಿಕೆಯ ಮೇಲೆ ಕಾಲಿಗೆ ಬಿದ್ದ ಮಗನನ್ನು ಯಾರು ತಾನೇ ನಂಬುವುದಿಲ್ಲ? ತಾನೇ ನೋಡಿಕೊಳ್ಳುತ್ತೇನೆ ಅಂತ ಅವನಿಗೂ ಮೊದಮೊದಲು ಇತ್ತಂತೆ. ಮುಟ್ಟುವುದಕ್ಕೆ ಆಗುತ್ತಿರಲಿಲ್ಲವಂತೆ. "ನಂಗೆ ಅಸಹ್ಯ ಆಗ್ತಿತ್ತು ಅಂತಾನೇ ನಂಗೆ ಗೊತ್ತಿರ್ಲಿಲ್ಲ, ಸುಮ್ನೆ ಮೆಟ್ಟಿಲಿಳಿಯೋದು ಮರೆತುಹೋಗ್ತಿತ್ತು" ಅಂದ. ವೈದ್ಯರು, ಪೊಲೀಸರು, ಅವರವರ ಕೆಲಸ ಅವರು ಮಾಡಿದರು. ತಂಗಿ ಬಂದು ತಾಯಿಯನ್ನು ಕರೆದುಕೊಂಡು ಹೋದಳು. ಆ ತಾಯಿ ಬೆಂಗಳೂರಿನಲ್ಲಿ ಮತ್ತೆ ಕೆಲವು ವರ್ಷ ಬದುಕಿದ್ದಳು. ಪ್ರಸನ್ನ ಎಲ್ಲ ಕಳೆದ ಮೇಲೂ ನನ್ನ ಹತ್ತಿರ ಬರುತ್ತಿದ್ದ. ಕೂತಲ್ಲಿ ಕೂತು ತನ್ನ ಕೈ ತಾನೇ ಮೂಸಿ ನೋಡಿಕೊಳ್ಳುತ್ತಿದ್ದ, ವಾಸನೆ ಹೋಗ್ತಾನೇ ಇಲ್ಲ ಡಾಕ್ಟ್ರೇ ಅನ್ನುತ್ತಿದ್ದ. ನನಗೆ ಏನೂ ಬರುತ್ತಿರಲಿಲ್ಲ. ಆದರೆ ಅವನ ಮೇಲಿನ ಹೇಸಿಗೆ ಪೂರ್ತಿ ಹೋಯಿತೇ ಅಂತ ಕೇಳಿದರೆ, ಇಲ್ಲ, ಇವತ್ತಿಗೂ ಹೋಗಿಲ್ಲ.

ರೂತ್‌ಗೆ ಹೇಳಿದಾಗ ಅವಳು ತಲೆಯಾಡಿಸಿದಳು, ತನಗೆ ಮೊದಲೇ ಗೊತ್ತಿತ್ತು ಅನ್ನುವ ಹಾಗೆ. ಅವನ ಸುಪ್ತ ಮನಸ್ಸು ಹೇಳಿತು, ನಿನ್ನದು ಕೇಳಿಸಿಕೊಂಡಿತು, ದಾದಿಯ ನೆನಪು ಅದಕ್ಕೆ ಸಿಕ್ಕಿದ ಭಾಷೆ ಅಂದಳು. ತಾಯಿ ಅನ್ನುವಾಗ ಅವನ ದನಿಯಲ್ಲೇ ಏನೋ ಇದ್ದಿರಬೇಕು ಅಂದಳು. ಕರ್ಪೂರ ಹೇಗೆ ಗೊತ್ತಾಯಿತು ಅಂದೆ. ಬಟ್ಟೆಯಲ್ಲಿ ಒಂಚೂರು ಇದ್ದಿರಬಹುದು ಅಂದಳು. ಫೋನಿನಲ್ಲಿ? ಅಂದೆ. ಅದಕ್ಕೆ ಅವಳು ನಕ್ಕಳು. ಹೋಗಲಿ, ಅದನ್ನೂ ಒಪ್ಪಿಕೊಳ್ಳೋಣ. ಅದಾಗಲೇ ಕೇಳಿ ಅಭ್ಯಾಸವಾದ ದನಿಗೆ ಮೂಗು ತಾನೇ ವಾಸನೆ ಹುಟ್ಟಿಸಿಕೊಂಡಿತು ಅಂತ ಇಟ್ಟುಕೊಳ್ಳೋಣ. ಹೀಗೆ ಒಂದೊಂದಕ್ಕೂ ಏನಾದರೊಂದು ಹೇಳಬಹುದು.

ಒಂದನ್ನು ಮಾತ್ರ ನಾನು ರೂತ್‌ಗೂ ಹೇಳಲಿಲ್ಲ, ನನ್ನ ಗಂಡನಿಗೂ ಹೇಳಲಿಲ್ಲ. ಅವತ್ತು ಬೇಸ್‌ಮೆಂಟಿನಲ್ಲಿ ಆಂಬುಲೆನ್ಸಿನವರು ಸ್ಟ್ರೆಚರ್ ಬಿಡಿಸುತ್ತಿದ್ದಾಗ ನಾನು ಆ ತಾಯಿಯ ಪಕ್ಕ ಕೂತು ಕೈ ಹಿಡಿದುಕೊಂಡೆ. ಆಕೆ ಕಣ್ಣು ಬಿಟ್ಟು ನನ್ನನ್ನೇ ನೋಡಿದಳು. ನಾನು ಯಾರೆಂದು ಆಕೆಗೆ ಗೊತ್ತಿರಲಿಕ್ಕೆ ಸಾಧ್ಯವಿಲ್ಲ. ಮಗಳು ಅಂದುಕೊಂಡಳೋ ಏನೋ, ದನಿಯಲ್ಲಿ ಸಿಟ್ಟಿತ್ತು.

"ಬಂದ್ಯೇನೇ? ಎಷ್ಟ್ ಸಲ ಕರೀಬೇಕೇ ನಿನ್ನ" ಅಂದಳು. "ಕರೆದಾಗೆಲ್ಲ ನೀನು ಎದ್ದು ಕಿಟಕಿ ತೆಗೆದು ನನ್ನ ಓಡಿಸ್ತಿದ್ದೆ."

ಮರೆವು ಹಿಡಿದ ಮುದುಕಿಯ ಮಾತು, ಅರಸೀಕೆರೆಯ ಯಾವ ಕಾಲದ ಯಾವ ಕಿಟಕಿಯೋ. ಹಾಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಈಗಲೂ ಅದೇ ಕೋಣೆಯಲ್ಲಿ ಕೂರುತ್ತೇನೆ. ಈಗಲೂ ಒಮ್ಮೊಮ್ಮೆ ಯಾರಾದರೂ ಬಂದು ಎದುರಿಗೆ ಕೂತಾಗ, ಕಾರಣವೇ ಇಲ್ಲದೆ ಯಾವುದೋ ನಾತ ಮೂಗಿಗೆ ಬಡಿಯುತ್ತದೆ. ನಾನು ಎದ್ದು ಕಿಟಕಿ ತೆಗೆಯುವುದಿಲ್ಲ. ಮೂಗು ಮುಚ್ಚಿಕೊಳ್ಳದೆ ಹಾಗೇ ಕೂತಿರುತ್ತೇನೆ.